ಎಷ್ಟು ಹೊತ್ತು ನಿಂತಿತ್ತು

ಗುರುಪಾದ ಕಾಕಾ ಅವರಿಗೆ ಶೇಗಾಂವದ ರೇಣುಕಾಳ ಶರಣು.

ಸಂಖದ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಜತ್ತದಿಂದ ಬಸ್ಸು ಹಿಡಿದು ಬಂದೆ. ನೀವು ಹೋಗಿ ಮೂರು ತಿಂಗಳಾಗುತ್ತ ಬಂತು. ನಿಮ್ಮ ಮಣ್ಣಿಗೆ ಬರಲಾಗಲಿಲ್ಲ. ನಿಮ್ಮ ಮನೆಯವರು, ನಮ್ಮ ಕಾಕು, ಅದಕ್ಕೆ ಸಿಟ್ಟು ಮಾಡಲಿಲ್ಲ. ಕೈಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಎದುರಿಗೆ ಕೂತರು. ಆಮೇಲೆ ಒಂದೇ ಒಂದು ಮಾತು ಕೇಳಿದರು: "ದವಾಖಾನ್ಯಾಗ ಅವ್ರು ನಿನ್ನ ಜೋಡಿ ಫೋನಿನ್ಯಾಗ ಏನ್ ಮಾತಾಡಿದ್ರವಾ? ಅದರ ಮ್ಯಾಲ ಅವ್ರು ಯಾರ ಜೋಡೀನೂ ಮಾತಾಡ್ಲಿಲ್ಲ."

ಮೂವತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಸಿಗಬೇಕಿದ್ದ ಕೊನೆಯ ಮಾತನ್ನು ನಾನು ಒಂದು ಟ್ಯಾಂಕಿನ ಸಲುವಾಗಿ ಕಸಿದುಕೊಂಡೆ ಎಂದು ಹೇಗೆ ಹೇಳಲಿ? ಬರೆದು ಓದಿ ಹೇಳುತ್ತೇನೆ ಅಂದೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಣುಕೇಂದ್ರದ ಹೆಸರಾಗಲಿ ಟ್ಯಾಂಕಿನ ನಂಬರಾಗಲಿ ಬರೆಯುವುದಿಲ್ಲ. ನೀವು ಹೋದ ಮೇಲೂ ಆ ನೇಮ ಮುರಿಯುವ ಧೈರ್ಯ ನನಗಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕ್ಯಾಂಟೀನಿನಲ್ಲಿ ಬಿಸಿ ಚಹಾ ನಾಲಿಗೆಗೆ ತಾಗಿ "ಅಯ್ಯ ಯವ್ವಾ, ಸುಟ್ಟ ಹೋತು" ಅಂದುಬಿಟ್ಟಿದ್ದೆ. ಅಲ್ಲಿಯವರೆಗೆ ಮರಾಠಿಯವರ ಜೊತೆ ಮರಾಠಿ, ಉಳಿದವರ ಜೊತೆ ಹಿಂದಿ, ಮೀಟಿಂಗಿನಲ್ಲಿ ಇಂಗ್ಲಿಷು ಎಂದು ಬಾಯಿ ಬಿಗಿಹಿಡಿದು ಬದುಕುತ್ತಿದ್ದೆ. ಹಿಂದಿನ ಮೇಜಿನಿಂದ ತಾಟು ಹಿಡಿದುಕೊಂಡೇ ಎದ್ದು ಬಂದು, "ಜತ್ತದ ಕಡೀಯವ್ರೇನ್ರಿ ಮೇಡಂ?" ಎಂದು ಕೇಳಿದಿರಿ. ಫಿಟ್ಟರಾಗಿ ಸೇರಿ ಹಿರಿಯ ಆಪರೇಟರ್ ಆಗಿದ್ದ ನಿಮಗೂ, ಅಣುಸುರಕ್ಷತೆಯ ಲೆಕ್ಕ ಮಾಡಲು ಬಂದ ಹೊಸ ಇಂಜಿನಿಯರಾದ ನನಗೂ ಆ ಜಾಗದಲ್ಲಿ ಮಾತಾಡುವ ಕಾರಣವೇ ಇರಲಿಲ್ಲ. ಮೂರು ವಾರಕ್ಕೆ ನೀವು ನನಗೆ ಕಾಕಾ ಆದಿರಿ. ನಾಲ್ಕು ಮಂದಿಯ ಎದುರು ನಾನು ನಿಮಗೆ ಮೇಡಂ, ಇಬ್ಬರೇ ಇದ್ದಾಗ ರೇಣವ್ವ.

ಒಂದು ದೀಪಾವಳಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಜತ್ತದ ಸ್ಟ್ಯಾಂಡಿನಲ್ಲಿ ನಿಮ್ಮೂರಿನ ಒಬ್ಬರು ಸಿಕ್ಕಿ, "ಇನ್ನೂ ಟಾಕಿ ಮ್ಯಾಲ ಅದೀಯೇನೋ ಗುರುಪಾದಾ?" ಎಂದು ಕೇಳಿದರು. ನೀವು ಹೌದಪಾ ಅಂದಿರಿ. ಇಡೀ ಸಂಖಕ್ಕೆ ನೀವು ಯಾವುದೋ ದೊಡ್ಡ ಊರಿನ ನೀರಿನ ಟಾಕಿಯ ಮೇಲೆ ಕೆಲಸ ಮಾಡುವ ಮನುಷ್ಯ. ನನಗೆ ನಗು ತಡೆಯಲಾಗಲಿಲ್ಲ. ಸುಳ್ಳು ಹೇಳಿಲ್ಲವಲ್ಲ, ಟಾಕಿ ಹೌದಲ್ಲ ಎಂದು ನೀವು ಗಂಭೀರವಾಗಿ ವಾದ ಮಾಡಿದಿರಿ. ಕಾಕುಗೂ ಅಷ್ಟೇ ಗೊತ್ತಿತ್ತೆಂದು ನನಗೆ ತಿಳಿದದ್ದು ನಿನ್ನೆ.

ಕಾಕು, ಈಗ ನಿಮಗೆ ಹೇಳುತ್ತೇನೆ. ಆ ಟಾಕಿಯಲ್ಲಿ ಇರುವುದು ನೀರಿನಂಥ ದ್ರವ. ಅದರ ತುಂಬ ಹಿಟ್ಟಿಗಿಂತ ನುಣುಪಾದ ಕಣಗಳು. ಕಣಗಳಲ್ಲಿ ಯುರೇನಿಯಂ. ಯುರೇನಿಯಂನ ಒಂದು ಪರಮಾಣು ಒಡೆದರೆ ಅದರಿಂದ ನ್ಯೂಟ್ರಾನುಗಳು ಹಾರುತ್ತವೆ, ಅವು ಹೋಗಿ ಇನ್ನೊಂದನ್ನು ಒಡೆಯಬಹುದು, ಅದು ಮತ್ತೊಂದನ್ನು. ಕಣಗಳು ನೀರಿನಲ್ಲಿ ತೆಳ್ಳಗೆ ಹರಡಿದ್ದರೆ ಹಾರಿದ ನ್ಯೂಟ್ರಾನುಗಳು ಬಹಳಷ್ಟು ದಾರಿಯಲ್ಲೇ ಕಳೆದುಹೋಗುತ್ತವೆ. ಕಣಗಳೆಲ್ಲ ತಳಕ್ಕೆ ಇಳಿದು ನಡುವೆ ನೀರೇ ಇಲ್ಲದಂತೆ ಒತ್ತಿಕೊಂಡರೂ ಸರಪಳಿ ಸುಲಭವಾಗಿ ಹತ್ತುವುದಿಲ್ಲ, ಯಾಕೆಂದರೆ ನ್ಯೂಟ್ರಾನಿನ ಓಟ ತಗ್ಗಿಸಿ ಅದನ್ನು ಕೆಲಸಕ್ಕೆ ತರುವುದು ನೀರು. ಆದರೆ ಇವೆರಡರ ನಡುವೆ ಒಂದು ಹದ ಇದೆ. ಇಷ್ಟು ಕಣಕ್ಕೆ ಇಷ್ಟು ನೀರು ಎಂಬ ಹದ. ಅಷ್ಟಕ್ಕೆ ಬಂದರೆ ಸರಪಳಿ ತಾನಾಗಿ ಹತ್ತಿಕೊಳ್ಳುತ್ತದೆ. ಬಾಂಬಿನ ಹಾಗೆ ಸಿಡಿಯುವುದಿಲ್ಲ. ಒಂದು ನೀಲಿ ಬೆಳಕು ಮಿಂಚಬಹುದು, ಅಷ್ಟೇ. ಹತ್ತಿರ ನಿಂತವರು ಆಗ ಸಾಯುವುದೂ ಇಲ್ಲ. ನಡೆದುಕೊಂಡೇ ಹೊರಗೆ ಬರುತ್ತಾರೆ, ಮಾತಾಡುತ್ತಾರೆ, ನೀರು ಕೇಳುತ್ತಾರೆ. ಆಮೇಲೆ ಕೆಲವು ದಿನಗಳಲ್ಲಿ…

ಅದಕ್ಕೇ ಆ ಟಾಕಿಯೊಳಗೆ ಒಂದು ಮೋಟಾರು ಹಗಲು ರಾತ್ರಿ ಕಲಕುತ್ತಲೇ ಇರಬೇಕು. ಕಣಗಳು ಎಲ್ಲ ಕಡೆಗೂ ಒಂದೇ ಸಮ ಹರಡಿರಬೇಕು. ಇದನ್ನು ನೋಡಿಕೊಳ್ಳುವುದು ಕಾಕಾ ಅವರ ಕೆಲಸವಾಗಿತ್ತು. ಹರಡಿದ್ದರೆ ಎಷ್ಟು ಸುರಕ್ಷಿತ, ತಳಕ್ಕಿಳಿದರೆ ಎಷ್ಟು ಸುರಕ್ಷಿತ ಎಂದು ಲೆಕ್ಕ ಹಾಕಿ ಕಾಗದದ ಮೇಲೆ ಸಹಿ ಮಾಡುವುದು ನನ್ನದು.

ನೀವು ನನ್ನ ಖೋಲಿಗೆ ಬಂದ ದಿನ ನೆನಪಿದೆ ಕಾಕಾ. ನಾನು ಆ ಟ್ಯಾಂಕಿನ ಹೊಸ ಲೆಕ್ಕ ಮುಗಿಸುತ್ತಿದ್ದೆ. ಎರಡು ಚಿತ್ರ ಹಾಕಿಕೊಂಡಿದ್ದೆ, ಪೂರ್ತಿ ಕಲಕಿದ ಟ್ಯಾಂಕು ಒಂದು, ಪೂರ್ತಿ ತಳಕ್ಕಿಳಿದು ಗಟ್ಟಿಯಾದ ಟ್ಯಾಂಕು ಒಂದು. ಎರಡೂ ಸುರಕ್ಷಿತ. ಅದರ ಮೇಲೆ ನಿಯಮ ಬರೆದಿದ್ದೆ: ಕಲಕುವ ಮೋಟಾರು ನಿಂತರೆ ಬದಲಿ ಮೋಟಾರನ್ನು ತಕ್ಷಣ ಚಾಲೂ ಮಾಡಬೇಕು. ನೀವು ಬಾಗಿಲು ಹಾಕಿಕೊಂಡು, ಆ ವಾರ ಬೆಲ್ಟು ಬದಲಿಸಲು ಮೋಟಾರು ನಿಲ್ಲಿಸಿದ್ದೆವು, ಮತ್ತೆ ಚಾಲೂ ಮಾಡಿದ ಮೊದಲ ಗಳಿಗೆಯಲ್ಲಿ ನ್ಯೂಟ್ರಾನು ಎಣಿಸುವ ಮೀಟರಿನ ಮುಳ್ಳು ಒಮ್ಮೆ ಮೇಲೆ ಜಿಗಿದು ಕೆಳಗಿಳಿಯಿತು ಅಂದಿರಿ. ನಾನು ಉಪಕರಣದ ದೋಷ ಇರಬೇಕು ಅಂದೆ. ನೀವು ತಲೆ ಅಲ್ಲಾಡಿಸಿದಿರಿ.

"ದಾಳಿಂಬ್ರಿ ತ್ವಾಟದಾಗ ಔಷಧ ಹೊಡ್ಯೂ ಡ್ರಮ್ಮ ನೋಡೀಯಿಲ್ಲೋ, ರೇಣವ್ವಾ? ನಿಂತ ಡ್ರಮ್ಮಿಗೆ ಕೋಲ ಹಾಕಿ ತಿರವಿದ್ರ ಪುಡಿ ಒಮ್ಮಿಗೆಲೆ ಎಲ್ಲಾ ಕಡೆ ಹೋಗೂದಿಲ್ಲ. ಮದಲ ತಳದಾಗ ದಪ್ಪ ಮೋಡಾಗಿ ಏಳತೈತಿ. ಆಮ್ಯಾಲ ಹರಡತೈತಿ. ಆ ಮೋಡದ ಲೆಕ್ಕಾ ನಿನ್ನ ಹಾಳಿ ಮ್ಯಾಲ ಎಲ್ಲೈತಿ?"

ನನಗೆ ಆ ಡ್ರಮ್ಮು ಗೊತ್ತಿಲ್ಲದ್ದೇನಲ್ಲ. ನನ್ನವ್ವ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಔಷಧ ಹೊಡೆಯುವ ದಿನ ಡ್ರಮ್ಮಿನ ಹತ್ತಿರ ನಿಂತು ಕೋಲಿನಿಂದ ತಿರುವುತ್ತಲೇ ಇರುವುದು ಅವಳ ಕೆಲಸ. ಒಮ್ಮೆ ಅವಳು ನೀರು ಕುಡಿಯಲು ಹೋಗಿ ತಡವಾಗಿ, ತಳದ ದಪ್ಪ ಔಷಧ ಬಿದ್ದ ಸಾಲಿನ ಎಲೆಯೆಲ್ಲ ಸುಟ್ಟು, ಮಾಲಕನಿಂದ ಬೈಸಿಕೊಂಡು ಬಂದಿದ್ದಳು. ಆದರೂ ಆ ದಿನ ನಾನು ನಿಮಗೆ ಏನಂದೆ? ಒಂದು ಸಲ ಕಂಡದ್ದನ್ನು ಆಧಾರ ಅನ್ನಲಾಗುವುದಿಲ್ಲ ಅಂದೆ. ಚಾರ್ಟಿನಲ್ಲಿ ಮೂಡಿಲ್ಲ, ರಿಜಿಸ್ಟರಿನಲ್ಲಿ ಬರೆದಿಲ್ಲ, ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕು ಅಂದೆ. ನೀವು ಎಷ್ಟು ಹೊತ್ತು ಮೋಟಾರು ನಿಲ್ಲಿಸಿದ್ದಿರಿ, ಮುಳ್ಳು ಎಲ್ಲಿಯತನಕ ಹೋಯಿತು, ಎಲ್ಲ ಹೇಳಿದ್ದಿರಿ. ನಾನು ಪೆನ್ನು ಎತ್ತಲಿಲ್ಲ.

"ಆತು ಬಿಡ್ರಿ ಮೇಡಂ," ಅಂದಿರಿ. ಖೋಲಿಯಲ್ಲಿ ನಾವಿಬ್ಬರೇ ಇದ್ದೆವು.

ನೀವು ನಿವೃತ್ತರಾದ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ನಾನೂ ನಾಲ್ಕು ಮಾತಾಡಿದೆ. ಸಂಖಕ್ಕೆ ಬಂದ ಮೇಲೂ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಿರಿ. ಊರ ಸುದ್ದಿ, ನಿಮ್ಮ ಮಗ ಮಲ್ಲುವಿನ ಅಂಗಡಿಯ ಸುದ್ದಿ, ನನ್ನ ಅವ್ವನ ಮೊಣಕಾಲಿನ ಸುದ್ದಿ. ಆ ಮುಳ್ಳಿನ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಮರೆತಿರಿ ಎಂದುಕೊಂಡೆ. ನಿಜವಾಗಿ ಮರೆತದ್ದು ಯಾರು?

ನೀವು ಹೋಗುವ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನನ್ನು ಟ್ಯಾಂಕಿನ ಹಾಲ್‌ಗೆ ಕರೆದರು. ಮೇಲಿನಿಂದ ತೆಗೆದ ಮಾದರಿ ತೀರಾ ತೆಳ್ಳಗೆ ಬಂದಿತ್ತು. ಮೋಟಾರಿನ ಹಸಿರು ದೀಪ ಉರಿಯುತ್ತಲೇ ಇತ್ತು, ಮೋಟಾರು ತಿರುಗುತ್ತಲೂ ಇತ್ತು. ಆದರೆ ಮೋಟಾರಿಗೂ ಒಳಗಿನ ದಂಡಕ್ಕೂ ನಡುವಿನ ಜೋಡಣೆ ಮುರಿದಿತ್ತು. ಒಳಗೆ ಏನೂ ಅಲುಗುತ್ತಿರಲಿಲ್ಲ. ಯಾವಾಗಿನಿಂದ? ಯಾರಿಗೂ ಗೊತ್ತಿಲ್ಲ. ದೀಪ ಹಸಿರಿದ್ದರೆ ಕಿವಿಗೊಟ್ಟು ಕೇಳುವವರು ಯಾರು ಕಾಕಾ? ನೀವಿದ್ದಾಗ ಬರುತ್ತ ಹೋಗುತ್ತ ಟ್ಯಾಂಕಿನ ಕೊಳವೆಗೆ ಕೈ ಮುಟ್ಟಿಸಿ ನಡುಕ ನೋಡುತ್ತಿದ್ದಿರಿ.

ಹಾಲ್‌ನಲ್ಲಿ ಹನ್ನೊಂದು ಜನ ಇದ್ದರು. ಶಿಫ್ಟಿನ ಮುಖ್ಯಸ್ಥ ಸಾಳುಂಕೆ ಸಾಹೇಬರು ತನ್ನದೇ ಬೇರೆ ದಂಡವಿದ್ದ ಬದಲಿ ಮೋಟಾರಿನ ಸ್ವಿಚ್ಚಿನ ಪೆಟ್ಟಿಗೆ ತೆರೆದು, ಒಂದು ಕೈಯಲ್ಲಿ ನನ್ನದೇ ಸಹಿಯ ನಿಯಮದ ಹಾಳೆ ಹಿಡಿದು ನಿಂತಿದ್ದರು. ಅವರದು ತಪ್ಪಿಲ್ಲ. ತಳದಲ್ಲಿ ಗಟ್ಟಿಯಾದರೆ ಮುಂದೆ ತೆಗೆಯುವುದು ಇನ್ನೂ ಕಷ್ಟ, ತಡ ಮಾಡಿದಷ್ಟೂ ಕೆಡುತ್ತದೆ ಎಂಬುದು ಅವರ ಚಿಂತೆ. ಅದೂ ನಿಜವೇ. ಅವರ ಬೆರಳು ಗುಂಡಿಯ ಮೇಲಿತ್ತು. ನಾನು ಹಾಳೆ ನೋಡಿದೆ, ಪೆಟ್ಟಿಗೆ ನೋಡಿದೆ. ಆಗ ನಿಮ್ಮ ಮೋಡ ಕಣ್ಣಿಗೆ ಬಂತು. ತಳದಲ್ಲಿ ಒತ್ತಿಕೊಂಡು ಕೂತದ್ದು ಒಮ್ಮೆಲೇ ನೀರು ಹೀರಿಕೊಂಡು ದಪ್ಪಗೆ ಏಳುವ ಮೋಡ. ಹರಡಿದ ಸ್ಥಿತಿಗೂ ಗಟ್ಟಿಯಾದ ಸ್ಥಿತಿಗೂ ನಡುವೆ, ನಾನು ಲೆಕ್ಕವೇ ಹಾಕದ ಜಾಗದಲ್ಲಿ ಏಳುವ ಮೋಡ.

ಅವರ ಬೆರಳಿಗೂ ಗುಂಡಿಗೂ ನಡುವೆ ನನ್ನ ಕೈ ಇಟ್ಟೆ. ಇದು ನಿಮ್ಮದೇ ಕಾಗದ ಮೇಡಂ, ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಹೌದು ಸರ್, ಕಾಗದ ತಪ್ಪಿದೆ ಅಂದೆ. ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳಿದರು. ನಿಮಗೆ ನಾನು ಕೇಳಿದ್ದ ಪ್ರಶ್ನೆಯೇ ಅದು. ಅರ್ಧ ತಾಸು ಕೊಡಿ, ಅಲ್ಲಿಯತನಕ ಯಾರೂ ಏನನ್ನೂ ಮುಟ್ಟಬೇಡಿ ಎಂದೆ. ಅವರು ಗಡಿಯಾರ ನೋಡಿ ಆಗಲಿ ಎಂದರು.

ಫೋನು ಗೇಟಿನ ಕಪಾಟಿನಲ್ಲಿ ಬಿಟ್ಟು ಒಳಗೆ ಬರಬೇಕೆಂಬುದು ನಿಮಗೆ ಗೊತ್ತೇ ಇದೆ. ಅಷ್ಟು ದೂರ ನಡೆದೆನೋ ಓಡಿದೆನೋ ನೆನಪಿಲ್ಲ. ನಿಮ್ಮ ನಂಬರು ಹತ್ತಲಿಲ್ಲ. ಮನೆಗೆ ಮಾಡಿದೆ. ಕಾಕು ಎತ್ತಿ, ಬೆಳಿಗ್ಗೆ ಎದೆ ಹಿಡಿದುಕೊಂಡಿತು, ಜತ್ತಕ್ಕೆ ದವಾಖಾನೆಗೆ ಒಯ್ದಿದ್ದಾರೆ, ಮಲ್ಲು ಜೊತೆಗಿದ್ದಾನೆ ಎಂದರು. ಅಲ್ಲಿಗೇ ನಿಲ್ಲಬೇಕಿತ್ತು, ಅಲ್ಲವೇ? ನಾನು ನಿಲ್ಲಲಿಲ್ಲ. ಮಲ್ಲುಗೆ ಮಾಡಿದೆ. ಮಿರಜದ ದೊಡ್ಡ ದವಾಖಾನೆಗೆ ಒಯ್ಯಲು ಗಾಡಿ ಬರುವ ಹಾದಿ ಕಾಯುತ್ತಿದ್ದೇವೆ ಎಂದ. ಒಂದೇ ನಿಮಿಷ ಅಪ್ಪನ ಕಿವಿಗೆ ಫೋನು ಹಿಡಿ ಎಂದು ಬೇಡಿಕೊಂಡೆ. ಅವನು ಯಾಕೆಂದು ಕೇಳಲಿಲ್ಲ. ಆ ಹುಡುಗನ ಉಪಕಾರ ನಾನು ಮರೆಯುವುದಿಲ್ಲ.

ನಿಮ್ಮ ಉಸಿರಿನ ಸದ್ದು ಕೇಳಿಸಿತು. ಫೋನಿನಲ್ಲಿ ಏನನ್ನೂ ಬಿಡಿಸಿ ಹೇಳುವಂತಿರಲಿಲ್ಲ. "ಕಾಕಾ, ಅವತ್ತ ನೀವು ನನ್ನ ಖೋಲಿಗಿ ಬಂದಿದ್ರಿ. ಅದು ಎಷ್ಟೊತ್ತು ನಿಂತಿತ್ತ್ರಿ?" ಅಂದೆ.

ಯಾವುದು ಎಂದು ನೀವು ಕೇಳಲಿಲ್ಲ. "ಎರಡು ತಾಸು," ಅಂದಿರಿ. ಆಮೇಲೆ ಕೇಳಿದಿರಿ: "ನಿಂದು ಎಷ್ಟಾತು?"

"ಗೊತ್ತಿಲ್ಲರಿ. ಅದಕ್ಕಿಂತ ಭಾಳ."

"ಹಂಗಾರ ಮುಟ್ಟಬ್ಯಾಡ. ಮಂದೀನ ಲಗೂನ ಹೊರಗ ಹಾಕು, ರೇಣವ್ವಾ."

ನಾನು ಹೂಂ ಎಂದು ಫೋನು ಇಟ್ಟೆ. ಹೇಗಿದ್ದೀರಿ ಎಂದು ಕೇಳಲಿಲ್ಲ. ಹೆದರಬೇಡಿ ಎನ್ನಲಿಲ್ಲ. ಎದೆನೋವಿನ ಮನುಷ್ಯನಿಂದ ಒಂದು ಸಂಖ್ಯೆ ಇಸಿದುಕೊಂಡು ಇಟ್ಟುಬಿಟ್ಟೆ. ಕಾಕು, ನೀವು ಕೇಳಿದ್ದಿರಲ್ಲ, ಇಷ್ಟೇ ಮಾತು. ನಿಮ್ಮ ಹೆಸರನ್ನೋ ಮಗನ ಹೆಸರನ್ನೋ ಹೇಳಬೇಕಿದ್ದ ಉಸಿರು ಅದು ಎಂದು ನನಗೆ ಆಗ ತಿಳಿಯಲಿಲ್ಲ.

ವಾಪಸು ಹೋಗುತ್ತಲೇ ಹಾಲ್ ಖಾಲಿ ಮಾಡಿಸಿದೆ. ಆ ಅಧಿಕಾರ ನನ್ನ ಕೆಲಸಕ್ಕೆ ಇದೆ, ಹಿಂದೆ ಒಮ್ಮೆಯೂ ಬಳಸಿರಲಿಲ್ಲ. ಕಾರಣದ ಜಾಗದಲ್ಲಿ "ಹಿಂದೆ ಆಪರೇಟರ್ ಕಂಡ ಸಂಗತಿ" ಎಂದು ಬರೆದೆ. ಹನ್ನೊಂದು ಜನ ಒಬ್ಬೊಬ್ಬರಾಗಿ ಹೊರಬಿದ್ದರು. ಸಾಳುಂಕೆ ಸಾಹೇಬರು ಕೊನೆಯವರು. ಬಾಗಿಲು ಹಾಕಿದ ಮೇಲೆ ಶುರುವಾಯಿತು ನೋಡಿ ಕಾಯುವುದು. ಕಲಕುವಂತಿಲ್ಲ, ಹಾಗೇ ಬಿಡುವಂತಿಲ್ಲ, ನೀರು ಸೇರಿಸುವಂತಿಲ್ಲ. ದೂರದ ಕೋಣೆಯಿಂದ, ನ್ಯೂಟ್ರಾನು ನುಂಗುವ ಬೋರಾನಿನ ದ್ರಾವಣವನ್ನು ಮೇಲಿನ ಕೊಳವೆಯಿಂದ ಎಳೆಯಾಗಿ ಬಿಡಬೇಕು, ಅದು ತಳದ ಗಸಿಯೊಳಗೆ ತಾನಾಗಿ ಇಳಿಯುವತನಕ ಕಾಯಬೇಕು. ಜೋರಾಗಿ ಬಿಟ್ಟರೆ ಅದೇ ಕಲಕಿದಂತೆ. ಮೊದಲ ತಾಸಿನಲ್ಲಿ ಮೀಟರಿನ ಮುಳ್ಳು ಎರಡು ಸಲ ನಡುಗಿತು. ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಸಾಳುಂಕೆ ಸಾಹೇಬರು ಒಂದು ಲೋಟ ನೀರು ತಂದು ನನ್ನ ಕೈಯಲ್ಲಿಟ್ಟರು. ಕುಡಿಯುವುದು ಮರೆತು ಹಿಡಿದುಕೊಂಡೇ ಇದ್ದೆನಂತೆ.

ಮರುದಿನ ಮಧ್ಯಾಹ್ನ ಗೇಟಿನವರು ಮಲ್ಲುವಿನ ಸುದ್ದಿ ತಂದರು. ಮಿರಜದ ಹಾದಿಯಲ್ಲೇ ನಿಮ್ಮ ಎಚ್ಚರ ತಪ್ಪಿತ್ತು, ಬೆಳಿಗ್ಗೆ ತೀರಿಕೊಂಡಿರಿ, ಸಂಜೆಗೆ ಮಣ್ಣು. ಹೊರಟರೆ ಮುಟ್ಟಬಹುದಿತ್ತೇನೋ. ಆದರೆ ಬೋರಾನು ಇನ್ನೂ ತಳ ಮುಟ್ಟಿರಲಿಲ್ಲ, ಮುಂದಿನ ಪ್ರತಿ ಹೆಜ್ಜೆಗೂ ನನ್ನ ಸಹಿ ಬೇಕಿತ್ತು. ಹೋಗುವುದಿದ್ದರೆ ಹೋಗಿ, ನಾನು ನೋಡಿಕೊಳ್ಳುತ್ತೇನೆ ಎಂದು ಸಾಳುಂಕೆ ಸಾಹೇಬರು ಅಂದರು. ನಾನು ಹೋಗಲಿಲ್ಲ, ಕಾಕಾ. ನೀವಾಗಿದ್ದರೆ ಹೋಗುತ್ತಿದ್ದಿರೇ?

ಮೂರನೆಯ ದಿನ ಮುಳ್ಳು ನೆಲಕಚ್ಚಿತು. ಆಮೇಲೆ ಗಸಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಸಣ್ಣ ಪಾತ್ರೆಗಳಿಗೆ ಹಂಚಿದೆವು. ಮೋಟಾರಿನ ಕರೆಂಟಿನ ದಾಖಲೆ ತೆಗೆಸಿದಾಗ, ಹೊರೆ ಇಳಿದ ಗಳಿಗೆ ಸಿಕ್ಕಿತು. ನಿಮ್ಮ ಪ್ರಶ್ನೆಗೆ ಉತ್ತರ: ಎಂಟು ತಾಸು. ನಿಮ್ಮ ಎರಡು ತಾಸಿಗೆ ಮುಳ್ಳು ಜಿಗಿದಿತ್ತು. ಎಂಟು ತಾಸಿನ ಗಸಿಯ ಮೇಲೆ ಗುಂಡಿ ಒತ್ತಿದ್ದರೆ? ನಾನು ಹೊಸದಾಗಿ ಲೆಕ್ಕ ಹಾಕಿದೆ, ಹೊರಗಿನ ತಜ್ಞರೂ ಹಾಕಿದರು. ನಡುವಿನ ಆ ಮೋಡಕ್ಕೆ ಸುರಕ್ಷಿತ ಎಂದು ಯಾರ ಲೆಕ್ಕವೂ ಹೇಳಲಿಲ್ಲ.

ವಿಚಾರಣೆಯ ದಿನ ನನ್ನ ಜೊತೆಯವರೊಬ್ಬರು ಬದಿಗೆ ಕರೆದು, ಜೋಡಣೆ ಮುರಿದದ್ದು, ದೀಪ ತಪ್ಪು ತೋರಿಸಿದ್ದು, ಇಷ್ಟು ಸಾಕಲ್ಲ, ಕಾಗದದ ಮೇಲೆ ಇಲ್ಲದ ಹಳೇ ಮಾತನ್ನು ಯಾಕೆ ತರುತ್ತೀರಿ ಎಂದು ಬುದ್ಧಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕಾಗದದ ಮೇಲೆ ಇಲ್ಲದ್ದಕ್ಕೆ ಕಾರಣ ನಾನೇ ಅಲ್ಲವೇ? ಸಮಿತಿಯ ಮುಂದೆ ಎಲ್ಲ ಹೇಳಿದೆ. ನೀವು ಬಂದದ್ದು, ಡ್ರಮ್ಮಿನ ಮಾತು, ಎರಡು ತಾಸು, ಗೇಟಿಗೆ ಹೋಗಿ ಫೋನು ಮಾಡಿದ್ದು. ಆಪರೇಟರ್ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಯಾಕೆ ದಾಖಲಿಸಲಿಲ್ಲ ಎಂದು ಅಧ್ಯಕ್ಷರು ಕೇಳಿದರು. ಅವರು ಫಿಟ್ಟರು, ನಾನು ಇಂಜಿನಿಯರು, ಅಷ್ಟೇ ಕಾರಣ ಸರ್ ಎಂದೆ. ಅವರು ಅದನ್ನು ಹಾಗೆಯೇ ಬರೆದುಕೊಂಡರು.

ನಿಮಗೆ ಮಾಡಿದ ಫೋನಿಗಾಗಿ ನನಗೆ ಮೆಮೋ ಬಂದಿದೆ. ಒಂದು ವರ್ಷ ಲೆಕ್ಕಗಳಿಗೆ ನಾನು ಒಬ್ಬಳೇ ಸಹಿ ಮಾಡುವಂತಿಲ್ಲ. ಅದು ಸರಿಯಾದದ್ದೇ. ನಿಯಮ ಬದಲಾಯಿತು. ನಿಂತದ್ದನ್ನು ಮತ್ತೆ ಚಾಲೂ ಮಾಡುವಂತಿಲ್ಲ. ಮೊದಲು ಹಾಲ್ ಖಾಲಿ, ಆಮೇಲೆ ಬೋರಾನು. ದಂಡ ನಿಜಕ್ಕೂ ತಿರುಗುತ್ತಿದೆಯೇ ಎಂದು ನೋಡುವ ಉಪಕರಣ ಬಂದಿದೆ. ವರದಿಯಲ್ಲಿ ಒಂದು ಕಡೆ ನಿಮ್ಮ ಪೂರ್ತಿ ಹೆಸರಿದೆ, ತಂದೆಯ ಹೆಸರು ಸಮೇತ. ಆ ಪುಟ ನಿಮ್ಮ ಮನೆಗೆ ತಂದು ತೋರಿಸುವಂತಿಲ್ಲ.

ಇಲ್ಲಿಯತನಕ ಬರೆದದ್ದನ್ನು ಇಂದು ಬೆಳಿಗ್ಗೆ ಕಾಕುಗೆ ಓದಿದೆ. ಮಲ್ಲು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದ. ಕಾಕು ನಡುವೆ ಒಮ್ಮೆಯೂ ತಡೆಯಲಿಲ್ಲ. ಮುಗಿದ ಮೇಲೆ, ಮಂದಿ ಏನೇನೋ ಅನ್ನುತ್ತಾರೆ, ಅವರ ಎದೆಯ ಜಡ್ಡು ಆ ಟಾಕಿಯಿಂದಲೇ ಬಂತೇ ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ನಿಮ್ಮ ಮೈಗೆ ತಾಗಿದ ವಿಕಿರಣದ ದಾಖಲೆ ನಾನು ನೋಡಿದ್ದೇನೆ. ಅದರಲ್ಲಿ ಮಿತಿ ಮೀರಿದ್ದು ಒಂದೂ ಇಲ್ಲ, ಡಾಕ್ಟರರು ಹೇಳಿದ್ದೂ ಹಳೆಯ ಬಿಪಿ ಎಂದೇ. ನನಗೆ ಗೊತ್ತಿದ್ದಷ್ಟು ಹೇಳಿದೆ. ಕಾಕು ನನ್ನ ಮುಖ ನೋಡಿದರು, ಸುಳ್ಳಿದೆಯೇ ಎಂದು ಹುಡುಕುವವರ ಹಾಗೆ. ಆಮೇಲೆ ಕೇಳಿದರು:

"ಅಂದ್ರ ಅವ್ರು ಹೇಳಿದ್ದು ಖರೇ ಆತು?"

"ಖರೇ ಆತ್ರಿ."

ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದರು. "ನೀ ಅಳಬ್ಯಾಡ. ಡ್ರಮ್ಮು, ಮೋಡಾ ಅಂತ ನನಗ ಬಂದು ಹೇಳಿದ್ರ ನಾನೂ ನಂಬ್ತಿದ್ದಿಲ್ಲ," ಅಂದರು. ಅದು ಸಮಾಧಾನಕ್ಕೆ ಹೇಳಿದ ಮಾತೋ, ನಿಜವೋ, ನನಗೆ ತಿಳಿಯಲಿಲ್ಲ. ಮೂವತ್ತೈದು ವರ್ಷದಲ್ಲಿ ಅವರಿಗೆ ನೀವು ಇನ್ನೇನೇನು ಹೇಳಿದ್ದಿರಿ, ಅವರು ಏನೇನು ನಂಬಲಿಲ್ಲ, ಯಾರಿಗೆ ಗೊತ್ತು?

ನಾಲ್ಕು ದಿನ ಇದ್ದು ಹೋಗಬೇಕೆಂದು ಬಂದಿದ್ದೆ, ಕಾಕಾ. ಆದರೆ ಈಗ ತಾಸಿನ ಹಿಂದೆ ಒಂದು ಫೋನು ಬಂತು. ವೈಶಾಲಿ ಎಂಬ ಹೊಸ ಆಪರೇಟರ್, ಕೆಲಸಕ್ಕೆ ಸೇರಿ ಐದು ತಿಂಗಳಾಗಿಲ್ಲ, ನೀವು ಅವಳನ್ನು ನೋಡಿಲ್ಲ. ಗೇಟಿನ ಹೊರಗೆ ನಿಂತು ಮಾತಾಡುತ್ತಿದ್ದಳು. ತೊಂದರೆ ಕೊಟ್ಟೆನೇ ಎಂದು ಮೂರು ಸಲ ಕೇಳಿದಳು. ಆಮೇಲೆ, ಮೇಡಂ, ಒಂದು ಸಂಗತಿ ನೋಡಿದೆ, ಶಿಫ್ಟಿನಲ್ಲಿ ಎಲ್ಲರೂ ಏನೂ ಇಲ್ಲ ಅಂತಾರೆ, ನೀವು ಬಂದು ನೋಡಿದರೆ ಒಳ್ಳೆಯದು ಅಂದಳು. ಫೋನಿನಲ್ಲಿ ಹೆಚ್ಚು ಹೇಳಬೇಡ ಎಂದು ನಾನೇ ತಡೆದೆ. ಸಾಳುಂಕೆ ಸಾಹೇಬರಿಗೆ ಫೋನು ಮಾಡಿ, ನಾನು ಮುಟ್ಟುವತನಕ ವೈಶಾಲಿ ನೋಡಿಕೊಳ್ಳುವ ಕೆಲಸ ನಿಲ್ಲಿಸಿಡಲು ಕೇಳಿದೆ. ಅವರು ಯಾಕೆ ಎನ್ನಲಿಲ್ಲ. ನಿಲ್ಲಿಸಿದ್ದೇನೆ, ಬನ್ನಿ ಅಂದರು.

ಕಾಕು ಬುತ್ತಿ ಕಟ್ಟುತ್ತಿದ್ದಾರೆ, ಮಲ್ಲು ಜತ್ತದ ಸ್ಟ್ಯಾಂಡಿನವರೆಗೆ ಬಿಡಲು ಗಾಡಿ ತೆಗೆದಿದ್ದಾನೆ. ಅವಳು ಕಂಡದ್ದರಲ್ಲಿ ಏನೂ ಇರಲಿಕ್ಕಿಲ್ಲ. ಹೊಸ ಕಣ್ಣು, ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ಇರಲೂಬಹುದು. ಹೋಗಿ ಅವಳ ಪಕ್ಕದಲ್ಲಿ ನಿಂತು ನೋಡುತ್ತೇನೆ.

ನಿಮ್ಮ
ರೇಣವ್ವ